ಆರಿಸಿ ಹತ್ತಿಸಿದ ಮೇಲೆ

ಫೆಬ್ರವರಿ 3, ಸೋಮವಾರ

ಮತ್ತೆ ಅಕೌಂಟ್ಸ್‌ನವರ ಪ್ರಿಂಟರ್. ಒಳಗೆ ಸಿಕ್ಕಿಕೊಂಡ ಹಾಳೆ ಎಳೆದು ತೆಗೆದೆ. ಕೈಯೆಲ್ಲ ಟೋನರ್. "ಮೇಡಂ, ನೀವು ಬಂದು ನಿಂತ್ರೆ ಸಾಕು, ಸರಿಹೋಗುತ್ತೆ" ಅಂದರು. ಹೌದು, ನನ್ನ ಮುಖ ಕಂಡರೇ ಹೆದರುತ್ತೆ. ಆಮೇಲೆ ಗೋದಾಮಿನವರು, ಪಾಸ್‌ವರ್ಡ್ ಮರೆತಿದ್ದಾರೆ. ಪ್ರತಿ ಸೋಮವಾರ ಮರೆಯುತ್ತಾರೆ. ಇನ್ನೊಂದು ದಿನ ರಜೆ ಜಾಸ್ತಿ ಕೊಟ್ಟರೆ ಹೆಸರೂ ಮರೆತಾರು.

ಮಧ್ಯಾಹ್ನ ಮ್ಯಾನೇಜರ್ ಕರೆದರು. ಕೂರಿ ಅಂದರು. ಟೀ ತರಿಸಿದರು. ಈ ಕುರ್ಚಿ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ದುಡಿದಿದ್ದೀನಿ, ಒಂದು ದಿನ ಟೀ ತರಿಸಿದ ಮನುಷ್ಯನಲ್ಲ. ಲೋಟ ಎದುರಿಗೆ ಬಂದಾಗಲೇ ಏನೋ ಇದೆ ಅಂತ ಗೊತ್ತಾಯ್ತು.

ಕಂಪ್ಯೂಟರ್ ಕೆಲಸವನ್ನೆಲ್ಲ ಹೊರಗಿನವರಿಗೆ ಒಪ್ಪಿಸುತ್ತಾರಂತೆ. ಏಪ್ರಿಲ್ ಕೊನೆವರೆಗೆ ನಾನಿರಬಹುದು. "ನಿಮ್ಮ ಕೆಲಸದ ಬಗ್ಗೆ ಒಂದು ದೂರೂ ಇಲ್ಲ" ಅಂದರು. ದೂರಿಲ್ಲದವಳನ್ನ ದೂರ ಕಳಿಸ್ತೀರಲ್ಲ ಸಾರ್ ಅನ್ನಬೇಕು ಅನ್ನಿಸಿತು. ಟೀ ಕುಡಿದು ಎದ್ದು ಬಂದೆ. ಸಕ್ಕರೆ ಜಾಸ್ತಿಯಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೊದಲ ಪ್ರಶ್ನೆ: "ಟೀ ಕೊಟ್ರಾ?"

"ಕೊಟ್ರು."

"ನಮಗೆ ಬಿಸ್ಕೆಟ್ಟೂ ಕೊಟ್ಟಿದ್ರು ಕಣೇ."

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಒಂದು ಕಡೆಯ ವೈರು ಇನ್ನೊಂದು ಕಡೆಗೆ ಚುಚ್ಚಿ ಊರಿಗೆ ಊರೇ ಮಾತಾಡಿಸುತ್ತಿದ್ದಳು. ಆಟೋಮ್ಯಾಟಿಕ್ ಬಂತು, ಅಷ್ಟೂ ಹೆಣ್ಣುಮಕ್ಕಳು ಮನೆಗೆ ಹೋದರು. ಆಮೇಲೆ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿದು ನಮ್ಮನ್ನ ಸಾಕಿದಳು. ಈಗಲೂ ಯಾರಿಗಾದರೂ "ಸ್ವಲ್ಪ ತಾಳಿ" ಅನ್ನಬೇಕಾದರೆ ಅವಳ ಬಾಯಿಂದ ತಾನಾಗಿ ಬರೋದು, "ಲೈನಲ್ಲಿರಿ".

ಫೆಬ್ರವರಿ 9, ಭಾನುವಾರ

ಅಣ್ಣ ಬಂದಿದ್ದ. ನಾನು ಹೇಳಿರಲಿಲ್ಲ, ಅಮ್ಮನೇ ಫೋನ್ ಮಾಡಿದ್ದಾಳೆ. ಆಗಲೇ ಎಲ್ಲ ತೀರ್ಮಾನ ಮಾಡಿಕೊಂಡು ಬಂದಿದ್ದ — ಈ ಮನೆ ಬಿಟ್ಟುಬಿಡೋದು, ಅಮ್ಮ ಅವನ ಮನೆಗೆ, ನಾನು ಎಲ್ಲಾದರೂ ಒಂದು ರೂಮು.

"ನೋಡೇ, ನಿನ್ನ ವಯಸ್ಸಿಗೆ ಹೊಸ ಕೆಲಸ ಸುಲಭವಾಗಿ ಸಿಗಲ್ಲ. ಸಿಕ್ಕಿದ ದಿನ ನೋಡ್ಕೊಳ್ಳೋಣ" ಅಂದ. ಒಳ್ಳೆಯ ಮನಸ್ಸಿಂದಲೇ ಅಂದ. ಅದಕ್ಕೇ ಸಿಟ್ಟು ಬಂತು.

ಹೋದ ವರ್ಷ ಕಾಲು ಉಳುಕಿದಾಗ ಅಮ್ಮ ಒಂದು ತಿಂಗಳು ಅಲ್ಲಿದ್ದಳು. ಅತ್ತಿಗೆ ಕೆಟ್ಟವಳಲ್ಲ. ಆದರೆ ಅಲ್ಲಿ ಅಮ್ಮ ಲೋಟ ತೊಳೆಯೋಕೂ ಕೇಳಿ ತೊಳೀತಾಳೆ. ಟಿವಿ ಹಾಕಲ್ಲ. ದನಿ ಸಣ್ಣದಾಗಿಬಿಡುತ್ತೆ. ಇಡೀ ಊರಿಗೆ ಕೇಳಿಸುತ್ತಿದ್ದ ದನಿ ಅದು.

ಅಮ್ಮನನ್ನ ಅಲ್ಲಿಗೆ ಕಳಿಸಲ್ಲ. ಬರೆದಿಡ್ತಿದೀನಿ.

ಫೆಬ್ರವರಿ 11, ಮಂಗಳವಾರ

ಬರೆದಿಟ್ಟಿದ್ದೇ ಬಂತು. ಸಂಜೆ ಬಂದು ನೋಡಿದರೆ ಬಾಗಿಲ ಪಕ್ಕ ಅಮ್ಮನ ಕಬ್ಬಿಣದ ಪೆಟ್ಟಿಗೆ. ತುಂಬಿ, ಬೀಗ ಹಾಕಿ ಆಗಿದೆ.

"ಏನಮ್ಮ ಇದು?"

"ಕೊನೇ ಗಳಿಗೆಲಿ ಗಡಿಬಿಡಿ ಬೇಡ ಅಂತ. ಬೀಗದ ಕೈ ನೀನೇ ಇಟ್ಕೋ, ನಾನು ಎಲ್ಲೋ ಹಾಕ್ಬಿಡ್ತೀನಿ."

"ನನಗೆ ಕೆಲಸ ಸಿಗಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ?"

"ಸಿಗಲಿ. ಪಕ್ಕಾ ಆಗಲಿ. ಅವತ್ತು ತೆಗೆಯೋಣ. ಅಲ್ಲೀವರೆಗೆ ಅದನ್ನ ಮುಟ್ಟಲ್ಲ."

ಹಟಮಾರಿ. ಹೊರಗಿಟ್ಟಿರೋ ಎರಡು ಜೊತೆ ಬಟ್ಟೆಯಲ್ಲೇ ದಿನ ದೂಡ್ತಾಳಂತೆ. ಬೀಗದ ಕೈ ನನ್ನ ಆಫೀಸ್ ಬ್ಯಾಗಿನ ಜಿಪ್ಪೊಳಗೆ ಹಾಕಿದೆ. ಕತ್ತಲಲ್ಲಿ ಎದ್ದಾಗ ಪೆಟ್ಟಿಗೆಗೆ ಎಡವಿ ಬೆರಳು ಊದಿದೆ.

ಫೆಬ್ರವರಿ 20, ಗುರುವಾರ

ಜಾಹೀರಾತು ನೋಡಿ ನೋಡಿ ಕಣ್ಣು ಉರಿ. ಬ್ಯಾಂಕು, ಆಸ್ಪತ್ರೆ, ಕೊರಿಯರ್, ಬೇಕರಿ ಸಾಮಾನಿನ ಕಂಪನಿ — ಯಾವುದು ತೆಗೆದರೂ ಒಂದೇ ಮಾತು. ಲಿನಕ್ಸ್ ಗೊತ್ತಿರಬೇಕು. ಲಿನಕ್ಸ್ ಸರ್ವರ್ ನೋಡಿಕೊಂಡಿರಬೇಕು. ಕೂಡಲೇ ಬೇಕಾಗಿದ್ದಾರೆ. ನನಗೆ ಗೊತ್ತಿರೋದು ವಿಂಡೋಸ್ ಕಿಟಕಿ ತೆಗೆದು ಮೌಸ್ ಒತ್ತೋದು. ಊರೆಲ್ಲ ಒಂದು ದಾರಿ ಹಿಡಿದಾಗ ನಾನು ಪ್ರಿಂಟರ್ ಹೊಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತಿದ್ದೆ.

ಅಮ್ಮನಿಗೆ ವಿವರಿಸಿದೆ. ಅದು ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್, ಯಾವ ಒಬ್ಬರ ಸೊತ್ತೂ ಅಲ್ಲಮ್ಮ, ಜಗತ್ತಿನ ಜನ ಸೇರಿ ಬರೆದಿದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಪುಕ್ಕಟೆ.

"ಪುಕ್ಕಟೆ ಸಿಗೋದಕ್ಕೆ ಸಂಬಳ ಕೊಟ್ಟು ಯಾರನ್ನ ಇಟ್ಕೋತಾರೆ?"

"ಬಾವಿ ನೀರೂ ಪುಕ್ಕಟೆ. ಸೇದೋರು ಬೇಕಲ್ಲ."

"ಹಾಗಾದ್ರೆ ಹಗ್ಗ ಹಿಡಿಯೋದು ಕಲಿ" ಅಂದಳು.

ಸೈಕಲ್ ಅಂಗಡಿ ಮಹಡಿ ಮೇಲೆ ಸಂಜೆ ಕ್ಲಾಸ್ ಇದೆ. ಹೆಸರು ಬರೆಸಿ ಬಂದೆ.

ಮಾರ್ಚ್ 4, ಮಂಗಳವಾರ

ಕರಿ ಪರದೆ, ಬಿಳಿ ಅಕ್ಷರ. ಮೌಸ್ ಮೂಲೆಗೆ ಬಿದ್ದಿದೆ. ಎಲ್ಲ ಟೈಪ್ ಮಾಡಿಯೇ ಹೇಳಬೇಕು. ಸರಿಯಾಗಿ ಹೇಳಿದರೆ ಅದು ಒಂದು ಮಾತೂ ಆಡಲ್ಲ. ತಪ್ಪಿದರೆ ಮಾತ್ರ ಬೈಯುತ್ತೆ. ನಮ್ಮ ಅಪ್ಪನ ಹಾಗೆ.

ಪಕ್ಕದಲ್ಲಿ ಕೂರುವವರೆಲ್ಲ ನನ್ನ ಅರ್ಧ ವಯಸ್ಸಿನವರು. ಆಂಟಿ ಅಂತಾರೆ. ಅನ್ನಲಿ.

ಮೇಷ್ಟ್ರದ್ದು ಒಂದು ವಿಚಿತ್ರ ಪದ್ಧತಿ. ಕ್ಲಾಸ್ ಮುಗಿಯುವಾಗ ಗೋಡೆ ಹತ್ತಿರ ಹೋಗಿ ಮೇನ್ ಸ್ವಿಚ್ಚೇ ಆರಿಸಿಬಿಡ್ತಾರೆ. ಎಲ್ಲ ಮೆಷೀನೂ ಢಮಾರ್. ಎಲ್ಲರೂ ಅಯ್ಯೋ ಅಂತಾರೆ. ಮತ್ತೆ ಹತ್ತಿಸ್ತಾರೆ. ಆಮೇಲೆ ಒಬ್ಬೊಬ್ಬರ ಬೆನ್ನ ಹಿಂದೆ ಬಂದು ನಿಂತು, "ಎಲ್ಲಿ, ಇವತ್ತು ಮಾಡಿದ್ದು ಉಳಿದಿದೆಯಾ?"

ನನ್ನದು ಏನೂ ಉಳಿದಿರಲಿಲ್ಲ.

"ಆರಿಸಿ ಹತ್ತಿಸಿದ ಮೇಲೆ ಉಳಿದಿದ್ದೇ ಕೆಲಸ. ಮಿಕ್ಕಿದ್ದೆಲ್ಲ ಆಟ ಕಣ್ರೀ."

ನಾವು ಇಟ್ಟಿರೋ ಹೆಸರು ಸ್ವಿಚ್ ಮೇಷ್ಟ್ರು.

ಮಾರ್ಚ್ 18, ಮಂಗಳವಾರ

ಇವತ್ತು ಸ್ವಿಚ್ ಹಾಕಿದ ಮೇಲೆ ನನ್ನ ಮೆಷೀನ್ ಎದ್ದೇ ಇಲ್ಲ. ಅರ್ಧದಲ್ಲಿ ನಿಂತು ಬಿಟ್ಟಿತು.

ಕಾರಣ ಕೊನೆಗೆ ತಿಳೀತು. ಏಳುವಾಗ ಯಾವ ಯಾವ ಡಿಸ್ಕ್ ಜೊತೆ ಸೇರಿಸಿಕೊಳ್ಳಬೇಕು ಅಂತ ಮೆಷೀನಿಗೆ ಮೊದಲೇ ಹೇಳಿಟ್ಟಿರುತ್ತೇವೆ. ನಾನು ಒಂದು ಡಿಸ್ಕ್ ಕಿತ್ತು ಹಾಕಿದ್ದೆ, ಅದಕ್ಕೆ ಹೇಳಿರಲಿಲ್ಲ. ಪಾಪ, ಬಾರದ ನೆಂಟನಿಗಾಗಿ ಬಾಗಿಲಲ್ಲೇ ಕಾದು ಕೂತಿತ್ತು. ಉಣ್ಣಲೂ ಇಲ್ಲ, ಮಲಗಲೂ ಇಲ್ಲ.

"ಓಡ್ತಿರೋವಾಗ ಇದು ಗೊತ್ತೇ ಆಗಲ್ಲ ಮೇಡಂ. ಎದ್ದೇಳೋವಾಗಲೇ ಗೊತ್ತಾಗೋದು" ಅಂದರು ಮೇಷ್ಟ್ರು. ಸರಿಮಾಡಿ ತೋರಿಸಲಿಲ್ಲ. ನಾನೇ ಮಾಡೋವರೆಗೆ ಬೀಗ ಹಾಕದೆ ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ಎದ್ದಿತು. ಮೆಟ್ಟಿಲು ಇಳಿಯುವಾಗ ಹಾಡು ಗುನುಗಿದೆ ಅಂತ ಸೈಕಲ್ ಅಂಗಡಿಯವನು ನಕ್ಕ.

ಏಪ್ರಿಲ್ 7, ಸೋಮವಾರ

ಕಲಿಯೋವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ. ಕೋತಿ ಹಂತಕ್ಕೆ ಇನ್ನೂ ಬಂದಿಲ್ಲ. ಬಾಲ ಮಾತ್ರ ಮೊಳೆತಿದೆ.

ಅಮ್ಮ ಕರಿ ಪರದೆ ನೋಡುತ್ತ ಪಕ್ಕದಲ್ಲಿ ಕೂತಿದ್ದಳು. ದೂರದ ಮೆಷೀನಿಗೆ ಇಲ್ಲಿಂದಲೇ ಹೋಗಿ ಕೆಲಸ ಮಾಡೋದು ತೋರಿಸಿದೆ. "ಟ್ರಂಕ್ ಕಾಲ್" ಅಂದಳು, ಹಿಂದೆ ದೂರದೂರಿಗೆ ಅವಳೇ ಜೋಡಿಸಿ ಕೊಡುತ್ತಿದ್ದ ಕರೆ. ಅಷ್ಟೇ. ಅವಳಿಗೆ ಅರ್ಥವಾಗಿಬಿಟ್ಟಿತು, ನನಗೆ ಎರಡು ವಾರ ಹಿಡಿದಿತ್ತು.

ಪೆಟ್ಟಿಗೆ ಮೇಲೆ ಈಗ ಹೂವಿನ ಕುಂಡ ಇಟ್ಟಿದ್ದಾಳೆ. ತೆಗೆ ಅಂದರೆ ತೆಗೆಯಲ್ಲ.

ಏಪ್ರಿಲ್ 24, ಗುರುವಾರ. ಬಸ್ಸಿನಲ್ಲಿ

ಇಂಟರ್‌ವ್ಯೂ ಮುಗಿಸಿ ಬರ್ತಿದೀನಿ. ಬಸ್ಸು ಕುಲುಕಿ ಅಕ್ಷರ ಕೋಳಿ ಕೆದರಿದ ಹಾಗೆ.

ಹಲ್ಲಿನ ಡಾಕ್ಟರುಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳೋ ಕಂಪನಿ. ಊರಿನ ಎಲ್ಲ ಹಲ್ಲಿನ ಆಸ್ಪತ್ರೆಗಳ ಲೆಕ್ಕಾಚಾರ ಇವರ ಸರ್ವರಲ್ಲಿ. ದಪ್ಪ ಕನ್ನಡಕದ ಮೇಡಂ ಒಬ್ಬರು ಇನ್‌ಚಾರ್ಜ್. ಪ್ರಶ್ನೆಗಿಶ್ನೆ ಇಲ್ಲ. ಇಂಟರ್‌ವ್ಯೂಗೆ ಬಂದಿದ್ದ ಎಲ್ಲರಿಗೂ ಒಂದೊಂದು ಕೆಟ್ಟ ಮೆಷೀನ್ ಕೊಟ್ಟು, ಸರಿಮಾಡಿ ಅಂದರು. ಮೆಷೀನ್ ಇರೋದು ಬೇರೆ ರೂಮಲ್ಲಿ, ನಾವು ಇಲ್ಲಿಂದ ಟ್ರಂಕ್ ಕಾಲ್.

ಮಾಡಿದೆ. ಕೆಟ್ಟ ಡಿಸ್ಕ್ ಹೊರಗೆ ಹಾಕಿದೆ, ಡೇಟಾ ಬೇರೆ ಕಡೆಗೆ ತಂದೆ, ಎಲ್ಲ ಓಡಿತು. ಉಳಿದವರೂ ಮುಗಿಸಿ ಕೈಕಟ್ಟಿ ಕೂತರು. ನಾನೂ ಕೂತಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರು ಬೆನ್ನ ಹಿಂದೆ ನಿಂತ ಹಾಗೆ ಆಯ್ತು. ಯಾರೂ ಹೇಳದಿದ್ದರೂ ಮೆಷೀನ್ ಆರಿಸಿ ಹತ್ತಿಸಿದೆ.

ಏಳಲಿಲ್ಲ.

ಕಾದೆ. ಇಲ್ಲ. ಇನ್ನೂ ಕಾದೆ. ಇಲ್ಲ. ಆಗ ಹೊಳೆಯಿತು — ಅದೇ ತಪ್ಪು! ಡಿಸ್ಕ್ ತೆಗೆದೆ, ಮೆಷೀನಿಗೆ ಹೇಳಲಿಲ್ಲ. ಇರುಳು ಕಂಡ ಬಾವಿಗೆ ಹಗಲು ಬಿದ್ದೆ. ಕಿವಿಯೆಲ್ಲ ಬಿಸಿ. ಪೆಟ್ಟಿಗೆ ಕಣ್ಣ ಮುಂದೆ ಬಂತು, ಅಣ್ಣನ ಮನೆಯಲ್ಲಿ ಅಮ್ಮ ಇದ್ದ ಸಣ್ಣ ರೂಮು ಬಂತು.

ಎದ್ದು ನಿಂತೆ. "ಮೇಡಂ, ಚೆನ್ನಾಗಿ ಓಡ್ತಿತ್ತು, ನಾನೇ ಆರಿಸಿ ಹತ್ತಿಸಿದೆ, ಈಗ ಏಳ್ತಿಲ್ಲ. ನನ್ನದೇ ತಪ್ಪು. ಇಲ್ಲಿಂದ ಲೈನ್ ಸಿಗಲ್ಲ, ಆ ಮೆಷೀನ್ ಹತ್ರ ಹೋಗ್ಬೇಕು."

ಪಕ್ಕದವನು ಕಿಸಕ್ಕಂದ. ಮೇಡಂ ರೂಮಿನ ಬಾಗಿಲು ತೆಗೆದರು. ಅಲ್ಲಿ ನಿಂತೇ ಸರಿಮಾಡಿದೆ. ಎದ್ದಿತು. ತಿರುಗಿ ನೋಡಿದರೆ ಮೇಡಂ ಹಿಂದೆಯೇ ನಿಂತಿದ್ದಾರೆ.

"ಆರಿಸಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ."

"ಸರಿ, ಹೊರಡಿ" ಅಂದರು.

ಕೆಲಸ ಹೋಯ್ತು. ಮಾಡಿದ್ದುಣ್ಣೋ ಮಹಾರಾಯ. ಅಮ್ಮನಿಗೆ ಏನು ಹೇಳಲಿ...

ಮೇ 9, ಶುಕ್ರವಾರ

ಬರೆಯೋಕೆ ಮನಸ್ಸಿರಲಿಲ್ಲ. ಫ್ಯಾಕ್ಟರಿ ಮುಗೀತು. ಬೀಳ್ಕೊಡುಗೆಗೆ ಒಂದು ಕುರ್ಚಿ ಕೊಟ್ಟರು. ನಾನು ತಮಾಷೆ ಮಾಡ್ತಿಲ್ಲ, ನಿಜವಾಗಿ ಕುರ್ಚಿ. ಬಸ್ಸಲ್ಲಿ ತಂದೆ, ಅದರ ಮೇಲೇ ಕೂತು.

ಇವತ್ತು ಬೆಳಿಗ್ಗೆ ಫೋನ್. ಕನ್ನಡಕದ ಮೇಡಂ!

"ಸೋಮವಾರ ಬರ್ತೀರಾ?"

"ಇನ್ನೊಂದು ಟೆಸ್ಟಾ ಮೇಡಂ?"

"ಇಲ್ಲ, ಕೆಲಸಕ್ಕೆ. ನೋಡಿ, ಜನ ಸಿಗ್ತಿಲ್ಲ ನನಗೆ. ಸರ್ಟಿಫಿಕೇಟ್ ಇಟ್ಕೊಂಡು ಬರ್ತಾರೆ, ಮೆಷೀನ್ ಆರಿಸೋಕೆ ಹೇಳಿದ್ರೆ ಕೈ ನಡುಗುತ್ತೆ. ನೀವು ಕೇಳದೇ ಆರಿಸಿದ್ರಿ. ಬಿದ್ದಿದ್ದನ್ನ ಮುಚ್ಚಿಡದೆ ಎಬ್ಬಿಸಿದ್ರಿ. ಆದ್ರೆ ಒಂದು ವಿಷಯ — ಪರ್ಮನೆಂಟ್ ಜೂನ್ ಆದ್ಮೇಲೆ. ಯಾಕೆ ಅಂತ ಬಂದ್ಮೇಲೆ ಹೇಳ್ತೀನಿ."

ಹೋದ ಜೀವ ಬಂದ ಹಾಗಾಯ್ತು. ಅಮ್ಮನ್ನ ಹಿಡಿದು ಎತ್ತಿಬಿಟ್ಟೆ. "ಇಳಿಸೇ, ಸೊಂಟ!" ಅಂತ ಕಿರುಚಿದಳು. ನಗ್ತಾ ಪೆಟ್ಟಿಗೆ ಕಡೆ ನೋಡಿದೆ.

"ಪಕ್ಕಾ ಅಂದ್ರಾ?"

"ಜೂನ್ ಆದ್ಮೇಲೆ."

"ಹಾಗಾದ್ರೆ ಜೂನ್ ಆದ್ಮೇಲೆ" ಅಂದು ಕುಂಡಕ್ಕೆ ನೀರು ಹಾಕಿದಳು.

ಮೇ 12, ಸೋಮವಾರ

ಯಾಕೆ ಅಂತ ಗೊತ್ತಾಯ್ತು.

ಆಫೀಸಿನ ಹಿಂದಿನ ತಣ್ಣನೆ ರೂಮಲ್ಲಿ ಒಂದು ಹಳೇ ಸರ್ವರ್. ಎಲ್ಲರೂ ತಾತ ಅಂತಾರೆ. ಅಷ್ಟೂ ಆಸ್ಪತ್ರೆಗಳ ಅಪಾಯಿಂಟ್‌ಮೆಂಟ್ ತಾತನ ತಲೆಯಲ್ಲೇ. ಕಳೆದ ಏಳು ವರ್ಷದಿಂದ ತಾತನನ್ನ ಯಾರೂ ಆರಿಸಿಲ್ಲ. ಆರಿಸಿದರೆ ಮತ್ತೆ ಏಳ್ತಾನೋ ಇಲ್ಲವೋ ಅಂತ ಭಯ. ಭಯ ಅಂತ ಆರಿಸಲಿಲ್ಲ, ಆರಿಸಲಿಲ್ಲ ಅಂತ ಭಯ ಇನ್ನೂ ಬೆಳೆಯಿತು. ಮೈಮೇಲೆ ದೊಡ್ಡಕ್ಷರದ ಚೀಟಿ: ಮುಟ್ಟಬೇಡಿ.

ಚೀಟಿ ಅಂಟಿಸಿದವರು ಇಲ್ಲಿನ ಹಳಬರು. ತಾತನ ಹತ್ತಿರ ಯಾರು ಸುಳಿದರೂ "ಮುಟ್ಬೇಡಿ, ಮುಟ್ಬೇಡಿ" ಅಂತ ಓಡಿ ಬರ್ತಾರೆ. ನನ್ನ ಬಾಯಲ್ಲಿ ಆಗಲೇ ಅವರ ಹೆಸರು ಮುಟ್ಬೇಡಿ ಸಾರ್.

ಈಗ ಪೀಕಲಾಟ ಏನಪ್ಪ ಅಂದರೆ, ಕಟ್ಟಡದ ವೈರಿಂಗ್ ಬದಲಾಯಿಸ್ತಾರೆ. ಜೂನ್ 29, ಭಾನುವಾರ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ತಾತ ಮಲಗಲೇಬೇಕು, ಮತ್ತೆ ಏಳಲೇಬೇಕು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಹುಡುಕ್ತಿದ್ದರು. ಸಿಕ್ಕಿದೀನಿ.

"ತಾತ ಎದ್ರೆ ನೀವು ಪರ್ಮನೆಂಟ್" ಅಂದರು ಮೇಡಂ. "ಏಳದಿದ್ರೆ ನಾನೂ ಪರ್ಮನೆಂಟ್ ಅಲ್ಲ."

ಊರಿಗೆ ಊರೇ ಹಲ್ಲು ಹಿಡಿದುಕೊಂಡು ಬಾಗಿಲಲ್ಲಿ ನಿಂತ ಹಾಗೆ ಕನಸು ಬಿದ್ದರೆ ಆಶ್ಚರ್ಯವಿಲ್ಲ.

ಜೂನ್ 2, ಸೋಮವಾರ

ತಾತನ ಡೇಟಾ ಎಲ್ಲ ಬೇರೆ ಮೆಷೀನಿಗೆ ಕಾಪಿ ಮಾಡಿದೆ. ಕಾಪಿ ಆಯ್ತು ಅಂತ ಸುಮ್ಮನಿರಲಿಲ್ಲ, ಕಾಪಿ ಮಾಡಿದ್ದನ್ನ ತೆಗೆದು ಓದಿ ನೋಡಿದೆ. ಡೇಟಾ ಹೋಗಲ್ಲ. ಅಷ್ಟು ನೆಮ್ಮದಿ. ಆದರೆ ಬೇರೆ ಮೆಷೀನಿನಲ್ಲಿ ಎಲ್ಲ ಹೊಸದಾಗಿ ಕೂರಿಸೋಕೆ ವಾರಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೆ ಹಲ್ಲುನೋವು ಕಾಯುತ್ತಾ?

ಮುಟ್ಬೇಡಿ ಸಾರ್ ದಿನವಿಡೀ ಬಾಗಿಲಲ್ಲಿ ನಿಂತು ನೋಡಿದರು. ಮಗುವಿಗೆ ಸೂಜಿ ಚುಚ್ಚೋವಾಗ ಅಪ್ಪ ನಿಲ್ಲೋ ಹಾಗೆ. ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು.

ಜೂನ್ 17, ಮಂಗಳವಾರ

ಸಿಕ್ಕಿತು! ಸಿಕ್ಕಿತು!

ತಾತ ಏಳುವಾಗ ಯಾವ ಡಿಸ್ಕ್‌ಗಳಿಗೆ ಕಾಯ್ತಾನೆ ಅಂತ ಒಂದೊಂದಾಗಿ ನೋಡ್ತಾ ಬಂದೆ. ಅದರಲ್ಲಿ ಒಂದು ಡಿಸ್ಕ್ ತಾತನ ಮೈಯಲ್ಲಿ ಎಲ್ಲೂ ಕಾಣಲ್ಲ. ಮುಟ್ಬೇಡಿ ಸಾರ್‌ನ ಕೇಳಿದೆ.

ತಲೆ ಕೆರೆದುಕೊಂಡರು. "ಅದಾ... ಕೆಟ್ಟುಹೋಗಿತ್ತು. ಓಡ್ತಿರೋವಾಗಲೇ ಕಿತ್ತು ಹಾಕಿದ್ವಿ. ಏನೂ ಆಗಲಿಲ್ಲವಲ್ಲ ಮೇಡಂ?"

"ತಾತನಿಗೆ ಹೇಳಿದ್ರಾ ಸಾರ್?"

ಮುಖ ಬಿಳಿಚಿಕೊಂಡಿತು. ಹೇಳಿಲ್ಲ.

ಅದೇ ತಪ್ಪು! ನನ್ನ ತಪ್ಪು! ಕ್ಲಾಸಲ್ಲಿ ಮಾಡಿದ್ದು, ಇಂಟರ್‌ವ್ಯೂನಲ್ಲಿ ಮತ್ತೆ ಮಾಡಿದ್ದು. ಎರಡು ಸಲ ಬಿದ್ದ ಬಾವಿ, ಮೂರನೇ ಸಲ ದೂರದಿಂದಲೇ ಗುರುತು ಸಿಕ್ಕಿತು. ಸರಿಮಾಡಿದೆ. ಅವರ ಬೆನ್ನ ಮೇಲೆ ಕೈಯಿಟ್ಟು, "ನಾನೂ ಮಾಡಿದೀನಿ ಬಿಡಿ ಸಾರ್" ಅಂದೆ. ಆ ಮನುಷ್ಯ ಕಣ್ಣೊರೆಸಿಕೊಂಡರು. ಅಷ್ಟೂ ವರ್ಷ ಅವರು ಭಯಪಟ್ಟಿದ್ದು ಸುಮ್ಮನೆ ಅಲ್ಲ. ಭಯಕ್ಕೆ ಕಾರಣ ಇತ್ತು, ಯಾವ ಕಾರಣ ಅಂತ ಮಾತ್ರ ಗೊತ್ತಿರಲಿಲ್ಲ.

ಇನ್ನೇನಾದರೂ ಇದೆಯಾ? ಇರಬಹುದು. ಏಳೋವಾಗಲೇ ಗೊತ್ತಾಗೋದು.

ಜೂನ್ 29, ಭಾನುವಾರ. ಬೆಳಿಗ್ಗೆ

ತಾತನನ್ನ ಮಲಗಿಸಿದೆ. ಫ್ಯಾನಿನ ಸದ್ದು ನಿಂತಾಗ ರೂಮು ಎಷ್ಟು ನಿಶ್ಶಬ್ದ! ಮುಟ್ಬೇಡಿ ಸಾರ್ ಹೊರಗೆ ಹೋಗಿಬಿಟ್ಟರು, ನೋಡಲಾರೆ ಅಂತ. ವೈರಿಂಗ್‌ನವರು ಸ್ಟೂಲ್ ಹತ್ತಿದರು. ಒಬ್ಬ ಹಾಡು ಹೇಳ್ತಿದಾನೆ. ಅವನಿಗೇನು, ಅವನ ಹಲ್ಲು ಗಟ್ಟಿಯಿದೆ.

ಅದೇ ದಿನ. ಮಧ್ಯಾಹ್ನ

ಕರೆಂಟ್ ಬಂತು. ಬಟನ್ ಒತ್ತಿದೆ. ಫ್ಯಾನು ಭೋರ್ ಅಂತು. ಪರದೆ ಕತ್ತಲೆ. ಹಳೇ ಮೆಷೀನು, ಮೈಯೆಲ್ಲ ತಡವಿ ನೋಡಿಕೊಂಡು ಏಳೋಕೆ ಹೊತ್ತು ಹಿಡಿಯುತ್ತೆ. ಗೊತ್ತು. ಗೊತ್ತಿದ್ದೂ ಸುಮ್ಮನೆ ಕೂರೋಕಾಗ್ತಿಲ್ಲ. ಅದಕ್ಕೇ ಬರೀತಿದೀನಿ.

ಮೇಡಂ ಉಗುರು ಕಚ್ಚುತ್ತಿದ್ದಾರೆ. ಮುಟ್ಬೇಡಿ ಸಾರ್ ಬಾಗಿಲ ಸಂದಿಯಲ್ಲಿ ಒಂದು ಕಣ್ಣು.

ಅಮ್ಮನಿಗೆ ಫೋನ್ ಮಾಡಿದೆ. ಸ್ಪೀಕರ್‌ನಲ್ಲಿ ಮೇಜಿನ ಮೇಲಿದೆ.

"ಎದ್ನೇನೇ?"

"ಇನ್ನೂ ಇಲ್ಲಮ್ಮ."

"ಫೋನ್ ಇಡಬೇಡ. ಲೈನಲ್ಲಿರು."

ಹಳೇ ದನಿ. ಅಷ್ಟೂ ದೊಡ್ಡ ದನಿ. ಮೇಡಂ ಕೂಡ ನೆಟ್ಟಗೆ ಕೂತರು.

ಇನ್ನೂ ಇಲ್ಲ.

ಇನ್ನೂ...

ಬಿಳಿ ಅಕ್ಷರ. ಒಂದು ಸಾಲು. ನಿಂತಿತು. ಡಿಸ್ಕ್ ಹುಡುಕ್ತಿದಾನೆ. ಇಲ್ಲೇ, ಇಲ್ಲೇ ಬಾರದ ನೆಂಟನಿಗೆ ಕಾಯ್ತಿದ್ದದ್ದು — ದಾಟಿದ! ಸಾಲು ಸಾಲಾಗಿ ಬರ್ತಿದೆ. ಓಡ್ತಿದೆ. ಹೆಸರು ಕೇಳ್ತಿದಾನೆ. ಪಾಸ್‌ವರ್ಡ್ ಕೊಟ್ಟೆ. ಒಳಗೆ ಬಿಟ್ಟ. ನಾಳೆ ಬೆಳಗಿನ ಮೊದಲನೇ ಹಲ್ಲು ಕೀಳೋ ಅಪಾಯಿಂಟ್‌ಮೆಂಟ್, ಅಲ್ಲೇ ಇದೆ, ಹಾಗೇ ಇದೆ!

"ಎದ್ದ ಅಮ್ಮ! ತಾತ ಎದ್ದ!"

ಮೇಡಂ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು, ನಗುವೋ ಅಳುವೋ ಗೊತ್ತಿಲ್ಲ. "ಪರ್ಮನೆಂಟ್ ರೀ" ಅಂದರು ಕೈಯೊಳಗಿಂದಲೇ. ಮುಟ್ಬೇಡಿ ಸಾರ್ ಒಳಗೆ ಬಂದು ಆ ಚೀಟಿ ತಾವೇ ಕಿತ್ತರು. ಗೋಂದು ಬಿಡಲಿಲ್ಲ, ಅರ್ಧ ಅಂಟಿಕೊಂಡೇ ಇದೆ. ಉಸ್ಸಪ್ಪಾ... ಇಷ್ಟು ದಿನ ಉಸಿರು ಎಲ್ಲಿಟ್ಟಿದ್ದೆನೋ.

ಫೋನಿನಲ್ಲಿ ಅಮ್ಮನ ದನಿ ಇಲ್ಲ. ಅಮ್ಮಾ ಅಂದೆ. ಏನೋ ಎತ್ತಿ ನೆಲದ ಮೇಲಿಟ್ಟ ಸದ್ದು. ಕುಂಡ.

"ಲೇ," ಅಂತ ಆಮೇಲೆ, ಏದುಸಿರಲ್ಲಿ, "ಪೆಟ್ಟಿಗೆ ಬೀಗದ ಕೈ ಎಲ್ಲಿಟ್ಟಿದೀಯೇ?"

ಅಯ್ಯೋ, ಅದು ನನ್ನ ಬ್ಯಾಗಲ್ಲೇ ಇದೆ. ಈಗಲೇ ಹೊರಟೆ.